ಹೊಳೆಗೆ ವಾಪಸು ಹೋಗಬೇಕಾಗಿದ್ದ ಚಿಪ್ಪು

ಜೋಗುಪಾಳ್ಯದ ಒಂದು ಸಂದಿಯಲ್ಲಿ, ಮೂರು ಮಹಡಿ ಮನೆಯ ತಾರಸಿಯ ಮೇಲೆ, ತಗಡಿನ ಮಾಡಿನ ಒಂಟಿ ಕೋಣೆಯಲ್ಲಿ ನಾನಿದ್ದೇನೆ. ಹೆಂಡತಿ ತೀರಿಕೊಂಡ ಮೇಲೆ ಕೆಳಗಿನ ಬಾಡಿಗೆ ಮನೆ ನನಗೊಬ್ಬನಿಗೆ ದೊಡ್ಡದಾಯಿತು, ಮೇಲಕ್ಕೆ ಬಂದೆ. ಮಕ್ಕಳಿಲ್ಲ. ದಿನಕ್ಕೆ ಎರಡು ಸಲ ಮೆಟ್ಟಿಲು ಇಳಿಯುತ್ತೇನೆ, ಹಾಲಿಗೆ ಒಮ್ಮೆ, ಊಟಕ್ಕೆ ಒಮ್ಮೆ. ಎಷ್ಟೋ ದಿನ ಹಾಲಿನ ಅಂಗಡಿಯಲ್ಲಿ ‘ಅರ್ಧ ಲೀಟರು’ ಅಂದದ್ದು ಬಿಟ್ಟರೆ ಬಾಯಿಂದ ಬೇರೆ ಮಾತು ಹೊರಟಿರುವುದಿಲ್ಲ.

ಆ ತಾರಸಿಯ ಮೇಲೆ ಹೋದ ವರ್ಷದಿಂದ ಚಿಪ್ಪು ಒಣಗುತ್ತಿದೆ. ಮೊದಲ ತಿಂಗಳಲ್ಲೇ ಮನೆಯ ಒಡತಿ ಏದುಸಿರು ಬಿಡುತ್ತ ಮೇಲಕ್ಕೆ ಬಂದಿದ್ದರು.

“ಏನ್ ತಾತಾ ಇದು, ಮನೆನಾ, ಮೀನ್ ಮಾರ್ಕೆಟ್ಟಾ? ನಮ್ಮತ್ತೆ ಕೆಳಗೆ ತುಳಸಿಗೆ ನೀರು ಹಾಕ್ತಾ ಇದ್ರು. ಕಾಗೆ ಒಂದು ಚಿಪ್ಪು ಎತ್ಕೊಂಡು ಬಂದು ಸರಿಯಾಗಿ ಅವರ ಪಕ್ಕ ಹಾಕ್ಬಿಟ್ಟು ಹೋಯ್ತು.”

“ತಗುಲಲಿಲ್ಲ ಅಲ್ವಾಮ್ಮ?”

“ತಗುಲಿದ್ರೆ ಇಷ್ಟೊತ್ತಿಗೆ ನಿಮ್ಮ ಪೆಟ್ಟಿಗೆ ಬೀದೀಲಿರ್ತಿತ್ತು.”

ಮಾರನೆಯ ದಿನ ಹಲಸೂರಿನ ಸಂತೆಬೀದಿಯಿಂದ ಹಳೇ ಸೊಳ್ಳೆಪರದೆ ತಂದು ಮುಚ್ಚಿದೆ. ಆಮೇಲೆ ಅವರು ಸುಮ್ಮನಾದರು. ಈ ಚಿಪ್ಪು ಯಾಕೆ ಅಂತ ಕೇಳಿದ್ದಕ್ಕೆ, ನಮ್ಮಕ್ಕನಿಗೆ ಕಳಿಸೋದು ಅಂದೆ. ಅದು ನಿಜ. ಆದರೆ ಪೂರ್ತಿ ನಿಜ ಅಲ್ಲ. ಅಕ್ಕನಿಗೆ ನಾನು ನಲವತ್ತು ವರ್ಷಗಳಿಂದ ಹೇಳದೆ ಉಳಿಸಿಕೊಂಡ ಒಂದು ಮಾತಿತ್ತು. ಅವಳು ಬದುಕಿರುವಾಗಲೇ ಅದನ್ನು ಹೇಳುತ್ತೇನೋ ಇಲ್ಲವೋ ಎನ್ನುವುದೊಂದೇ ನನ್ನ ಉಳಿದ ಆಯುಷ್ಯದ ಕೆಲಸವಾಗಿತ್ತು. ಚಿಪ್ಪು ಅದರ ನೆಪ.

ನಾನು ಹುಟ್ಟಿದ್ದು ಉತ್ತರ ಕನ್ನಡದ ಒಂದು ಅಳಿವೆಯ ದಡದಲ್ಲಿ, ಹೊಳೆ ಸಮುದ್ರಕ್ಕೆ ಸೇರುವ ಕಡೆ. ಅಲ್ಲಿ ನೀರು ಇಳಿದಾಗ ಬಂಡೆಗೆ, ದಿಬ್ಬಕ್ಕೆ ಅಂಟಿಕೊಂಡ ಚಿಪ್ಪಿನ ಜೀವಿ ಕಾಣುತ್ತದೆ. ನಮ್ಮ ಕಡೆ ಅದಕ್ಕೆ ಕಲ್ಗ ಎನ್ನುತ್ತಾರೆ. ಇಂದಿರಾನಗರದ ದೊಡ್ಡ ಹೋಟೆಲುಗಳ ಪಟ್ಟಿಯಲ್ಲಿ ಆಯ್ಸ್ಟರ್ ಎಂದು ಬರೆದಿರುತ್ತಾರೆ. ಹೆಂಗಸರು ಉಳಿ ಹಿಡಿದು ಅದನ್ನು ಕಿತ್ತು, ಒಡೆದು, ಮಾಂಸ ತೆಗೆದು ಮಾರುತ್ತಿದ್ದರು. ಖಾಲಿ ಚಿಪ್ಪನ್ನು ಮನೆ ಮಗ್ಗುಲಲ್ಲಿ ರಾಶಿ ಹಾಕುತ್ತಿದ್ದರು. ಮಳೆಗಾಲ ಮುಗಿದು ಹೊಳೆ ನೀರು ಮತ್ತೆ ಉಪ್ಪಾಗುವ ಹೊತ್ತಿಗೆ ಆ ರಾಶಿಯನ್ನು ದೋಣಿಯಲ್ಲಿ ತುಂಬಿಕೊಂಡು ಹೋಗಿ, ಎಲ್ಲಿಂದ ಕಿತ್ತಿದ್ದರೋ ಅದೇ ದಿಬ್ಬದ ಮೇಲೆ ಸುರಿದು ಬರುತ್ತಿದ್ದರು. ಹೊಳೆಗೆ ಮನೆ ಕೊಡೋದು ಅಂತ ಅದಕ್ಕೆ ಹೆಸರು. ಅಕ್ಕನಿಗೆ ಅದನ್ನು ಕಲಿಸಿದ್ದು ಅವಳ ಅತ್ತೆ. ಯಾಕೆ ಅಂತ ಕೇಳಿದರೆ ಆ ಮುದುಕಿ, “ಮರಿಗೆ ಕೂರೂಕೆ ಜಾಗ ಬೇಡ್ದಾ?” ಅಂತಿದ್ದಳು. ಅಷ್ಟೇ ಅವಳ ವಿವರಣೆ.

ಈಗ ಓದಿದವರು ಹೇಳುವುದೂ ಅದನ್ನೇ. ಕಲ್ಗದ ಮರಿ ಧೂಳಿನಷ್ಟು ಸಣ್ಣದು. ಕೆಲವು ದಿನ ನೀರಿನಲ್ಲಿ ತೇಲಾಡಿ, ಗಟ್ಟಿಯಾದದ್ದೊಂದಕ್ಕೆ ಅಂಟಿಕೊಳ್ಳಬೇಕು. ಹಳೆಯ ಚಿಪ್ಪಿಗಿಂತ ಒಳ್ಳೆ ಜಾಗ ಅದಕ್ಕಿಲ್ಲ. ಚಿಪ್ಪು ಇಲ್ಲದಿದ್ದರೆ ಕೆಸರಿಗೆ ಬಿದ್ದು ಸಾಯುತ್ತದೆ.

ಹೋದ ವರ್ಷ ಒಂದು ಮಧ್ಯಾಹ್ನ ಅಕ್ಕ ಫೋನ್ ಮಾಡಿದಳು. ಅವಳಿಗೆ ಎಂಬತ್ತು ಹತ್ತಿರ, ನನಗಿಂತ ಆರು ವರ್ಷ ದೊಡ್ಡವಳು. ಊರಿಗೆ ಒಂದು ಸಂಸ್ಥೆಯಿಂದ ರಬ್ಬರ್ ಬೂಟು ಹಾಕಿದ ಹುಡುಗಿಯೊಬ್ಬಳು ಬಂದಿದ್ದಾಳೆ, ನಮ್ಮ ಹೊಳೆಯದೇ ಕಲ್ಗವನ್ನು ಮತ್ತೆ ಬೆಳೆಸಬೇಕು ಅಂತ ಹೆಂಗಸರನ್ನೆಲ್ಲ ಸೇರಿಸಿದ್ದಾಳೆ ಎಂದಳು. ಬಲೆಯ ಚೀಲಗಳಲ್ಲಿ ಚಿಪ್ಪು ತುಂಬಿ ದಿಬ್ಬದ ಮೇಲೆ ಸಾಲಾಗಿ ಇಡಬೇಕಂತೆ.

“ಆದ್ರೆ ಚಿಪ್ಪೇ ಇಲ್ಲ ತಮ್ಮಾ. ಊರೆಲ್ಲ ಹುಡುಕಿದ್ರೂ ನಾಕು ಬುಟ್ಟಿ ಸಿಗೂದಿಲ್ಲ. ನಿಮ್ಮ ಬೆಂಗಳೂರಲ್ಲಿ ಕಲ್ಗ ತಿಂತರಂತಲ್ಲ, ಚಿಪ್ಪು ಎಂತ ಮಾಡ್ತರು?”

ಊರಿನ ಚಿಪ್ಪೆಲ್ಲ ಎಲ್ಲಿಗೆ ಹೋಯಿತು ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ಲಾರಿಯಲ್ಲಿ ಬೆಂಗಳೂರಿಗೆ ಬಂತು. ತಂದವನು ನಾನು. ಅವಳು ಅದನ್ನು ಎತ್ತಲಿಲ್ಲ.

“ನೋಡ್ತೇನೆ ಅಕ್ಕಾ” ಅಂದೆ.

ಮೊದಲು ಶಿವಾಜಿನಗರದ ಮೀನು ಮಾರ್ಕೆಟ್ಟಿಗೆ ಹೋದೆ. ಅಲ್ಲಿ ಏಡಿ ಸಿಕ್ಕಿತು, ಸಿಗಡಿ ಸಿಕ್ಕಿತು, ಖಾಲಿ ಚಿಪ್ಪು ಕೇಳಿದ್ದಕ್ಕೆ ನಗು ಸಿಕ್ಕಿತು. ಆಮೇಲೆ ಇಂದಿರಾನಗರದ ಅಡ್ಡರಸ್ತೆಗಳಲ್ಲಿ ಮೂರು ದಿನ ಅಲೆದು, ಒಂದು ಹೋಟೆಲಿನ ಹಿಂದಿನ ಗೇಟಿನಲ್ಲಿ ನಿಂತೆ. ಅಡುಗೆಯವನು ಏಪ್ರನ್ನಿನಲ್ಲಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ. ನಲವತ್ತರ ಆಸುಪಾಸಿನವನು.

“ಏನ್ ಯಜಮಾನ್ರೇ, ಊಟನಾ?”

“ಊಟ ಅಲ್ಲಪ್ಪ. ಆಯ್ಸ್ಟರ್ ತಿಂದು ಬಿಟ್ಟಿರ್ತಾರಲ್ಲ, ಆ ಚಿಪ್ಪು ಬೇಕಿತ್ತು.”

“ಅದನ್ನ ತಗೊಂಡು ಏನ್ ಮಾಡ್ತೀರ? ಮಾಟ ಗೀಟ ಮಾಡಿಸ್ತೀರಾ?”

“ಊರಿಗೆ ಕಳಿಸ್ತೀನಿ. ಅಲ್ಲಿ ಹೊಳೆಗೆ ವಾಪಸ್ ಹಾಕ್ತಾರೆ.”

ಅವನು ಒಳಗೆ ತಿರುಗಿ, “ಗುರು, ಇಲ್ ಬಾರೋ. ತಿಂದಿದ್ದನ್ನ ವಾಪಸ್ ಕಳ್ಸೋ ಪಾರ್ಟಿ ಬಂದವ್ರೆ” ಎಂದ. ಇಬ್ಬರು ಮೂವರು ಇಣುಕಿ ನಕ್ಕರು. ನಗು ಮುಗಿದ ಮೇಲೆ ಅವನು ನನ್ನ ಮುಖ ನೋಡಿದ. ತನ್ನದು ಕಗ್ಗದಾಸಪುರ, ಅಜ್ಜ ಅಲ್ಲಿಯ ಕೆರೆಯಲ್ಲಿ ಮೀನು ಹಿಡಿಯುತ್ತಿದ್ದರಂತೆ ಎಂದು ಹೇಳಿದ. “ಈಗ ಆ ಕಡೆ ಹೋದ್ರೆ ಮೂಗು ಮುಚ್ಕೊಬೇಕು. ನೀವು ಮೂರು ಗಂಟೆ ಮೇಲೆ ಬನ್ನಿ. ನಿಂಬೆಹಣ್ಣು, ಸಾಸು, ಟಿಶ್ಯೂ ಎಲ್ಲ ಸೇರ್ಕೊಂಡಿರುತ್ತೆ, ನೀವೇ ಆರಿಸ್ಕೊಬೇಕು.”

ಹಾಗೆ ಶುರುವಾಯಿತು. ವಾರಕ್ಕೆ ಎರಡು ಮಧ್ಯಾಹ್ನ ಪ್ಲಾಸ್ಟಿಕ್ ಬಕೆಟ್ಟು ಹಿಡಿದು ಹೋಗುತ್ತೇನೆ. ಬಕೆಟ್ಟು ತಂದು, ತೊಳೆದು, ಹರಡುತ್ತೇನೆ. ಹೊರಗಿನ ರೋಗ ನಮ್ಮ ಹೊಳೆಗೆ ಹೋಗಬಾರದು, ಅದಕ್ಕೆ ಆರು ತಿಂಗಳು ಬಿಸಿಲು ಕಾಣಿಸಬೇಕು ಎಂದು ಆ ಬೂಟಿನ ಹುಡುಗಿ ಅಕ್ಕನ ಫೋನಿನಲ್ಲಿ ನನಗೆ ಎರಡು ಸಲ ಹೇಳಿದ್ದಳು. ಆರು ತಿಂಗಳು ಒಂದೊಂದು ಚಿಪ್ಪನ್ನೂ ಮಗುಚಿ ಹಾಕುತ್ತ ಕಳೆದೆ. ಆ ಕೆಲಸಕ್ಕೆ ಇನ್ನೊಬ್ಬರು ಬೇಕಿರಲಿಲ್ಲ. ಮಾತೂ ಬೇಕಿರಲಿಲ್ಲ.

ಮೊದಲ ಕಂತು ಒಣಗಿದ ಮೇಲೆ ಮೂರು ಗೋಣಿಚೀಲ ತುಂಬಿ, ಆಟೋದಲ್ಲಿ ಹಾಕಿಕೊಂಡು ಹೋಗಿ ಕರಾವಳಿ ಬಸ್ಸಿನ ಪಾರ್ಸೆಲ್ಲಿಗೆ ಕೊಟ್ಟು ಬಂದೆ. ಎರಡು ದಿನ ಬಿಟ್ಟು ಅಕ್ಕನ ಫೋನು.

“ಏ ತಮ್ಮಾ, ಇದೆಂತ ಕಳಿಸೀದೆ? ಎಲ್ಲ ಚೂರು.”

“ಚೂರಾ?”

“ಕೋಳಿಗೆ ಹಾಕೂಕೆ ಅಡ್ಡಿಲ್ಲ. ಹೊಳೆಗೆ ಹಾಕಿದ್ರೆ ಅಕ್ಕಿ ನುಚ್ಚಿನ ಹಾಂಗೆ ತೊಳೆದು ಹೋಗ್ತದೆ. ಚೀಲದ ಮೇಲೆ ಯಾರು ಕುಣಿದರು, ನೀನಾ?”

ಅವಳು ತಮಾಷೆಗೆ ಕೇಳಿದ್ದಳು. ಆದರೆ ನಾನೇ ಕುಣಿದಿದ್ದೆ. ಚೀಲ ಅರ್ಧ ತುಂಬುತ್ತಲೇ ಚಪ್ಪಲಿ ಸಮೇತ ಅದರೊಳಗೆ ಇಳಿದು ತುಳಿದಿದ್ದೆ, ಮತ್ತೆ ತುಂಬಿ ಮತ್ತೆ ತುಳಿದಿದ್ದೆ. ಯಾರೂ ಹೇಳಿರಲಿಲ್ಲ. ಮನಸ್ಸಿಗೆ ಗೊತ್ತಾಗುವ ಮೊದಲೇ ಕಾಲು ಆ ಕೆಲಸ ಮಾಡಿ ಮುಗಿಸಿತ್ತು. ಟಿನ್ ಫ್ಯಾಕ್ಟರಿ ದಾಟಿ ಕೆ.ಆರ್. ಪುರದ ಕಡೆಗಿದ್ದ ಗೋದಾಮಿನಲ್ಲಿ ಇಪ್ಪತ್ತೆಂಟು ವರ್ಷ ನಾವೆಲ್ಲ ಹಾಗೇ ಚೀಲ ತುಂಬುತ್ತಿದ್ದೆವು. ಒಂದು ಚೀಲದಲ್ಲಿ ಒಂದೂವರೆ ಚೀಲದ ಮಾಲು ಹಿಡಿಸಬೇಕು. ಹೇಗೂ ಮಿಲ್ಲಿನಲ್ಲಿ ಪುಡಿಯಾಗುವುದೇ, ಕೋಳಿ ಮೇವಿಗೆ ಬೆರೆಯುವುದೇ.

ಆ ಗೋದಾಮಿಗೆ ನಾನು ಬಂದದ್ದು ಹೇಗೆ ಎನ್ನುವುದೇ ನಾನು ಹೇಳಬೇಕಾದ ಮಾತು.

ನಮ್ಮ ಕೇರಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವನು ಆಗ ನಾನೊಬ್ಬನೇ. ಬೆಂಗಳೂರಿನ ಒಬ್ಬ ಗುತ್ತಿಗೆದಾರ ಚಿಪ್ಪು ಎತ್ತಲು ಲಾರಿ ಕಳಿಸುತ್ತಿದ್ದ, ನನ್ನನ್ನು ಅಲ್ಲಿಯ ಏಜೆಂಟನಾಗಿ ಇಟ್ಟುಕೊಂಡಿದ್ದ. ಹೆಂಗಸರು ಚಿಪ್ಪಿನಲ್ಲಿ ಸ್ವಲ್ಪ ಕೊಡುತ್ತಿದ್ದರು, ಉಳಿದದ್ದು ಹೊಳೆಗೆ ಅನ್ನುತ್ತಿದ್ದರು. ಲಾರಿ ಅರ್ಧ ಖಾಲಿಯಾಗಿ ಬರುತ್ತದೆ, ಪೂರ್ತಿ ತುಂಬಿಸಿ ಕಳಿಸಿದರೆ ನಿನಗೆ ಬೆಂಗಳೂರಿನ ಗೋದಾಮಿನಲ್ಲಿ ಖಾಯಂ ಕೆಲಸ ಎಂದು ಗುತ್ತಿಗೆದಾರ ಹೇಳಿದ. ನನಗೆ ಕೆಸರು, ಉಪ್ಪುನೀರು, ಆ ಕೇರಿ ಎಲ್ಲ ಸಾಕಾಗಿತ್ತು. ಪ್ಯಾಂಟು ಹಾಕಿಕೊಂಡು ಕುರ್ಚಿಯಲ್ಲಿ ಕೂರಬೇಕೆಂಬ ಆಸೆ.

ಒಂದು ಸಂಜೆ ಅಕ್ಕನ ಮನೆ ಜಗಲಿಯಲ್ಲಿ ಹೆಂಗಸರನ್ನೆಲ್ಲ ಸೇರಿಸಿದೆ. ಜೇಬಿನಿಂದ ಮೊಹರು ಹಾಕಿದ ಒಂದು ಕಾಗದ ತೆಗೆದೆ. ಮೀನುಗಾರಿಕೆ ಆಫೀಸಿನ ಸಾಹೇಬರು ಬರೆದಿದ್ದಾರೆ ಎಂದು ಹೇಳಿ ಗಟ್ಟಿಯಾಗಿ ಓದಿದೆ: ಸತ್ತ ಚಿಪ್ಪನ್ನು ಹೊಳೆಗೆ ಹಾಕುವುದರಿಂದ ನೀರಿಗೆ ರೋಗ ಬರುತ್ತದೆ, ಬದುಕಿರುವ ಕಲ್ಗವೂ ಸಾಯುತ್ತದೆ, ಆದ್ದರಿಂದ ಇನ್ನು ಮುಂದೆ ಯಾರೂ ಹಾಕಕೂಡದು. ನಾಲ್ಕು ವಾಕ್ಯ ಓದಿದೆ. ಸರ್ಕಾರದವರ ಭಾಷೆ ಬರುವಂತೆ ನಡುನಡುವೆ ‘ತತ್ಸಂಬಂಧವಾಗಿ’ ಅಂತಲೂ ಸೇರಿಸಿದೆ. ಆ ಕಾಗದ ಲಾರಿಯ ಪರ್ಮಿಟ್ಟು. ಅದರಲ್ಲಿದ್ದದ್ದು ಲಾರಿಯ ನಂಬರು ಮತ್ತು ಎಷ್ಟು ಭಾರ ಹೇರಬಹುದು ಎಂಬ ಮಾತು. ಸಾಹೇಬರು ಬರೆದಿರಲಿಲ್ಲ. ಸಾಹೇಬರೇ ಇರಲಿಲ್ಲ.

ಒಬ್ಬಿಬ್ಬರು ಗೊಣಗಿದರು. ಆಗ ಅಕ್ಕ ಎದ್ದು ನಿಂತಳು. ಕಾಗದ ತೆಗೆದುಕೊಂಡು, ಓದು ಬಾರದ ಅವಳು ಮೊಹರಿನ ಮೇಲೆ ಬೆರಳು ಆಡಿಸಿ, “ಮುದ್ರೆ ಇದೆ. ನನ್ನ ತಮ್ಮ ಓದಿದವನು. ನಮ್ಮ ಹೊಟ್ಟೆಗೆ ಕಲ್ಲು ಹಾಕೂ ಮಾತು ಹೇಳ್ತನಾ?” ಎಂದಳು. ಅಲ್ಲಿಗೆ ಮುಗಿಯಿತು. ಆ ವಾರ ಲಾರಿ ತುಂಬಿತು.

ಆಮೇಲಿನದು ನಿಧಾನವಾಗಿ ಆಯಿತು. ನಾನು ಬೆಂಗಳೂರಿನಲ್ಲಿದ್ದೆ, ಕೇಳಿ ತಿಳಿದದ್ದು. ದಿಬ್ಬ ಸವೆಯಿತು, ಕೆಸರು ತುಂಬಿತು, ಕಲ್ಗ ಕಡಿಮೆಯಾಯಿತು. ಹೆಂಗಸರು ಅಲೆ ಬಡಿಯುವ ಹೊಳೆಬಾಯಿಯ ಬಂಡೆಗಳಿಗೆ ಹೋಗಬೇಕಾಯಿತು. ಅಲ್ಲೇ ಅಕ್ಕ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಇಂದಿಗೂ ಎಡಗಾಲು ಎಳೆದು ನಡೆಯುತ್ತಾಳೆ. ನಿನ್ನ ಮಾತು ಕೇಳಿ ಕೆಟ್ವಿ ಎಂದು ಕೇರಿಯವರು ಅವಳನ್ನು ಎಷ್ಟೋ ವರ್ಷ ಆಡಿಕೊಂಡರು. ಅವಳು ಮಾತ್ರ, “ನನ್ನ ತಮ್ಮನಿಗೆ ಎಂತ ಗೊತ್ತು, ಆ ಸಾಹೇಬ ಹೇಳಿದ್ದು ಅವ ಓದಿದ” ಎನ್ನುತ್ತಿದ್ದಳು. ಹೆಂಡತಿಗೂ ನಾನು ಇದನ್ನು ಹೇಳಿರಲಿಲ್ಲ.

ಚೂರಾದ ಕಂತಿನ ನಂತರ ತಿಂಗಳಿಗೊಂದು ಕಂತು ಇಡೀ ಚಿಪ್ಪನ್ನೇ ಕಳಿಸಿದೆ. ಕೈಯಿಂದ ಒಂದೊಂದಾಗಿ ಇಳಿಸಿ, ನಡುವೆ ಹಳೇ ಪೇಪರು ತುರುಕಿ. ಅಕ್ಕ ಖಾಲಿ ಚೀಲಗಳನ್ನು ಅದೇ ಬಸ್ಸಿನಲ್ಲಿ ವಾಪಸು ಕಳಿಸುತ್ತಿದ್ದಳು. ಒಳಗೆ ಒಂದು ಪೊಟ್ಟಣ ಮುರುಗಲ ಹುಳಿಸಿಪ್ಪೆ ಇರುತ್ತಿತ್ತು. ಅದರಲ್ಲಿ ಅರ್ಧ ಮನೆಯೊಡತಿಗೆ ಕೊಡುತ್ತಿದ್ದೆ. ಅವರು ಅದನ್ನು ಸಾರಿಗೆ ಹಾಕಿ, “ನಿಮ್ಮಕ್ಕನ ಹುಳಿ ಚೆನ್ನಾಗಿದೆ ತಾತಾ, ನಿಮ್ಮ ಚಿಪ್ಪಿನ ನಾತಕ್ಕೆ ಇದು ಬಾಡಿಗೆ” ಎಂದು ನಗುತ್ತಿದ್ದರು.

ಹಾಗೇ ಹೋಗಿದ್ದರೆ ನಾನು ಹೇಳದೆಯೇ ಸಾಯುತ್ತಿದ್ದೆನೋ ಏನೋ. ಚಿಪ್ಪು ಕಳಿಸುತ್ತಿದ್ದೇನಲ್ಲ, ಸಾಕು ಎನ್ನುವಷ್ಟು ಸಮಾಧಾನ ಬರತೊಡಗಿತ್ತು.

ಒಂದು ದಿನ ಅಕ್ಕ ಫೋನಿನಲ್ಲಿ, “ಈ ಹುಡುಗಿ ಎಲ್ಲ ಬರ್ಕೊಳ್ತಾ ಇದಾಳೆ. ಹೊಳೆಗೆ ಮನೆ ಕೊಡೂದು ಯಾಕೆ ನಿಂತಿತು ಅಂತ ಕೇಳ್ತು. ಸಾಹೇಬ ಬೇಡ ಅಂದ, ಅದಕ್ಕೆ ಅಂದೆ. ಸಾಹೇಬನ ಹೆಸರೆಂತ ಕೇಳ್ತದೆ. ನಂಗೆ ನೆನಪಿಲ್ಲ. ನೀನೇ ಕಾಗದ ತಂದವ, ಹೇಳು” ಎಂದಳು.

“ನೆನಪು ಮಾಡ್ಕೊಂಡು ಹೇಳ್ತೇನೆ” ಎಂದೆ.

ಮಾರನೆಯ ದಿನ ಕಾರಣವಿಲ್ಲದೆ ಬಸ್ಸು ಹತ್ತಿ ಟಿನ್ ಫ್ಯಾಕ್ಟರಿಯಲ್ಲಿ ಇಳಿದೆ. ಗೋದಾಮು ಇದ್ದ ಕಡೆಗೆ ನಡೆದೆ. ಅಲ್ಲೀಗ ಕಾರು ತೊಳೆಯುವ ಜಾಗವಿದೆ. ಕಾಂಪೌಂಡಿನ ಮೂಲೆಯಲ್ಲಿ ಮಾತ್ರ ಹಳೆಯ ನೆಲ ಉಳಿದಿತ್ತು, ಮಣ್ಣಿನಲ್ಲಿ ಬಿಳಿ ಚೂರುಗಳು ಬೆರೆತಿದ್ದವು. ಕೆಲಸದವನೊಬ್ಬ, “ಏನ್ ಹುಡುಕ್ತಿದೀರ ಅಂಕಲ್?” ಎಂದು ಕೇಳಿದ. “ಏನಿಲ್ಲಪ್ಪ” ಎಂದೆ. ಒಂದು ಹೆಸರು ಹುಟ್ಟಿಸುವುದು ಕಷ್ಟವಿರಲಿಲ್ಲ. ಯಾವುದೋ ರಾವ್, ಯಾವುದೋ ನಾಯಕ್. ಬಸ್ಸಿನಲ್ಲಿ ಬರುವಾಗ ಎರಡು ಮೂರು ಹೆಸರು ಬಾಯಿಗೆ ಬಂದೂ ಬಂದವು. ಆಗ ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಆ ಜಗಲಿಯ ಮೇಲೆ ಸುಳ್ಳು ಓದಿದವನು ನನ್ನೊಳಗಿಂದ ಎಲ್ಲಿಗೂ ಹೋಗಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ನಾನೇ ಫೋನ್ ಮಾಡಿದೆ.

“ಅಕ್ಕಾ, ಸಾಹೇಬ ಇರಲಿಲ್ಲ.”

“ಅಂದ್ರೆ? ರಜೆಯಾಗಿತ್ತಾ?”

“ಇರಲೇ ಇಲ್ಲ ಅಕ್ಕಾ. ಆ ಕಾಗದ ಲಾರೀದು. ಅದರಲ್ಲಿ ಚಿಪ್ಪಿನ ಮಾತೇ ಇರಲಿಲ್ಲ. ನಾನು ಸುಳ್ಳು ಓದಿದೆ. ಇಲ್ಲಿ ಕೆಲಸ ಸಿಗಲಿ ಅಂತ.”

ಫೋನಿನಲ್ಲಿ ಅವಳ ಅಂಗಳದ ಕೋಳಿ ಕೆದರುವ ಸದ್ದು ಕೇಳುತ್ತಿತ್ತು. “ಮುದ್ರೆ ಇತ್ತು” ಎಂದಳು.

“ಮುದ್ರೆ ಲಾರೀದು.”

ಆಮೇಲೆ ಅವಳ ಧ್ವನಿ ಬೇರೆಯಾಗಿತ್ತು. “ನಾನು ಎದ್ದು ನಿಂತು ಹೇಳಿದ್ದೆ. ಈಗ ನಾನು ಹೇಳೂದಿಲ್ಲ. ನೀನೇ ಹೇಳು. ಎಲ್ಲರ ಎದುರು ಹೇಳು. ನಾಳೆ ನೀರು ಇಳಿಯೂ ಮೊದಲು ನಾವು ಚೀಲ ಹೊಲೀತಾ ಕೂತಿರ್ತೇವೆ, ಆಗ ಫೋನ್ ಮಾಡು.”

ಮಾಡಿದೆ. ಹುಡುಗಿ ಫೋನನ್ನು ಗಟ್ಟಿಯಾಗಿ ಕೇಳುವಂತೆ ಮಾಡಿ ಬುಟ್ಟಿಯ ಮೇಲೆ ಇಟ್ಟಿದ್ದೇನೆ ಎಂದಳು. ನಾನು ತಾರಸಿಯಲ್ಲಿ ಚಿಪ್ಪಿನ ನಡುವೆ ನಿಂತು, ಎಸ್ಸೆಸ್ಸೆಲ್ಸಿಯಲ್ಲಿ ಪಾಠ ಒಪ್ಪಿಸಿದಂತೆ, ಎಲ್ಲ ಹೇಳಿದೆ. ಪರ್ಮಿಟ್ಟು, ಮೊಹರು, ಖಾಯಂ ಕೆಲಸ. ಅಕ್ಕನಿಗೆ ನಿನ್ನೆಯವರೆಗೆ ಗೊತ್ತಿರಲಿಲ್ಲ, ಅವಳನ್ನು ಏನೂ ಅನ್ನಬೇಡಿ ಎಂದೂ ಹೇಳಿದೆ.

ಆಮೇಲೆ ಅಕ್ಕನ ಪಕ್ಕದ ಮನೆಯವಳು, ನನ್ನ ವಾರಿಗೆಯವಳು, ಬಾಯಿ ಬಿಟ್ಟಳು.

“ಅಯ್ಯೋ ಮಾರಾಯಾ, ಆ ಸಾಹೇಬನ ವಂಶ ಹಾಳಾಗ್ಲಿ ಅಂತ ನಾನು ನಲವತ್ತು ವರ್ಷ ದೀಪ ಹಚ್ಚುವಾಗೆಲ್ಲ ಶಾಪ ಹಾಕೀದೆ. ಅದೆಲ್ಲ ಎಲ್ಲಿಗೆ ಹೋಯ್ತು ಹಂಗಾರೆ?”

“ವಿಳಾಸ ಸಿಕ್ಕದೆ ವಾಪಸ್ ಬಂದಿರ್ತದೆ” ಎಂದಳು ಇನ್ನೊಬ್ಬಳು.

“ನಂಗೇ ಬಂದಿದೆ ಅತ್ತಿಗೆ” ಎಂದೆ ನಾನು.

ಯಾರೋ ನಕ್ಕರು. ನಕ್ಕದ್ದು ಕ್ಷಮೆಯಲ್ಲ, ಅದು ನನಗೆ ಗೊತ್ತಾಯಿತು. ಒಬ್ಬ ಕಿರಿಯ ಹೆಂಗಸು, ಅವಳ ದನಿ ನನಗೆ ಪರಿಚಯವಿಲ್ಲ, “ನಮ್ಮವ್ವ ಆ ಬಾಯಿಯ ಬಂಡೆಗೇ ಹೋಗಿ ಹೋಗಿ ಮೊಣಕಾಲು ಕಳ್ಕೊಂಡ್ಲು” ಎಂದಳು. ಹುಡುಗಿ ಮೆಲ್ಲಗೆ, “ಸರ್, ಇದನ್ನ ನೀವು ಹೇಳಿದ ಹಾಗೇ ಬರ್ಕೊಳ್ಳಲಾ?” ಎಂದು ಕೇಳಿದಳು. “ಬರ್ಕೊಳ್ಳಮ್ಮ. ಸಾಹೇಬ ಅಂತ ಇರೋ ಕಡೆಯೆಲ್ಲ ಏಜೆಂಟ್ ಅಂತ ಬರಿ” ಎಂದೆ. ಅಕ್ಕ ಅಲ್ಲೇ ಇದ್ದಳು. ಕೊನೆಯವರೆಗೂ ಅವಳ ದನಿ ಕೇಳಲಿಲ್ಲ. ನೀರು ಇಳಿಯಿತು ಎಂದು ಯಾರೋ ಕೂಗಿದರು, ಫೋನ್ ನಿಂತಿತು.

ಆಮೇಲೆ ಅವಳು ಫೋನ್ ಮಾಡಲಿಲ್ಲ. ನಾನು ಮಾಡಿದರೆ ಎತ್ತಲಿಲ್ಲ. ಆ ತಿಂಗಳ ಕಂತು ಕಳಿಸಿದೆ, ಚೀಲ ವಾಪಸು ಬರಲಿಲ್ಲ. ಮುಂದಿನ ತಿಂಗಳೂ ಕಳಿಸಿದೆ, ಬರಲಿಲ್ಲ. ಪಾರ್ಸೆಲ್ ಆಫೀಸಿಗೆ ಎರಡು ದಿನಕ್ಕೊಮ್ಮೆ ಹೋಗತೊಡಗಿದೆ. ಅಲ್ಲಿಯ ಗುಮಾಸ್ತ ನನ್ನನ್ನು ದೂರದಿಂದ ಕಂಡೇ ತಲೆ ಆಡಿಸುತ್ತಿದ್ದ. ಇಂದಿರಾನಗರದ ಅಡುಗೆಯವನು ಬಕೆಟ್ಟಿಗೆ ಚಿಪ್ಪು ಸುರಿಯುತ್ತ, “ಯಾಕ್ ಯಜಮಾನ್ರೇ ಡಲ್ಲಾಗಿದೀರ, ಹೊಳೆ ಬೇಡ ಅಂತಾ?” ಎಂದು ಕೇಳಿದ. ಗೊತ್ತಿಲ್ಲಪ್ಪ ಎಂದೆ. ಈ ನಲವತ್ತು ವರ್ಷ ನಾನು ಒಂಟಿ ಎಂದುಕೊಂಡಿದ್ದೆ. ಹಾಗಿರಲಿಲ್ಲ, ಆಗ ನನ್ನ ಪರವಾಗಿ ಮಾತನಾಡುವವಳು ಒಬ್ಬಳು ಇದ್ದಳು. ಒಂಟಿತನ ಅಂದರೆ ಏನೆಂದು ಈ ಎರಡು ತಿಂಗಳಲ್ಲಿ ಗೊತ್ತಾಯಿತು.

ಹೋದ ವಾರ ಗುಮಾಸ್ತ ತಲೆ ಆಡಿಸಲಿಲ್ಲ, ಕೈ ಮಾಡಿ ಕರೆದ. ತೆಂಗಿನ ಹುರಿಯಲ್ಲಿ ಬಿಗಿದ ಒಂದು ಕಟ್ಟು ಬಂದಿತ್ತು. ತಾರಸಿಗೆ ತಂದು ಬಿಚ್ಚಿದೆ. ನನ್ನ ಚೀಲಗಳೇ, ಎರಡೂ ಕಂತಿನವು, ಒಗೆದು ಮಡಿಸಿದ್ದವು. ಒಂದೊಂದನ್ನೂ ಒಳಗೆ ಕೈ ಹಾಕಿ ನೋಡಿದೆ. ಹುಳಿಯ ಪೊಟ್ಟಣ ಇರಲಿಲ್ಲ. ಕೊಡವಿದೆ, ಸ್ವಲ್ಪ ಹೊಳೆಯ ಮರಳು ಉದುರಿತು.

ಬಟ್ಟೆ ತೆಗೆಯಲು ಬಂದಿದ್ದ ಮನೆಯೊಡತಿ ನಿಂತು ನೋಡಿದರು.

“ಏನ್ ತಾತಾ, ಈ ಸಲ ಹುಳಿ ಕಳಿಸ್ಲಿಲ್ವಾ ನಿಮ್ಮಕ್ಕ?”

“ಇಲ್ಲಮ್ಮ.”

“ಜಗಳನಾ?”

“ಹೂಂ. ನಂದೇ ತಪ್ಪು.”

ಅವರು ಬಟ್ಟೆ ಹೆಗಲಿಗೆ ಹಾಕಿಕೊಂಡು, ಹರಡಿದ್ದ ಚೀಲಗಳನ್ನು ಎಣಿಸುವಂತೆ ನೋಡಿದರು. “ಚೀಲ ಕಳ್ಸವ್ರಲ್ಲ” ಎಂದು ಹೇಳಿ ಕೆಳಗಿಳಿದು ಹೋದರು.

ಪರದೆ ಸರಿಸಿ ಚಿಪ್ಪು ಮುಟ್ಟಿ ನೋಡಿದೆ. ಈ ಕಂತಿಗೆ ಆರು ತಿಂಗಳು ತುಂಬಿತ್ತು. ಚಪ್ಪಲಿ ಬಿಟ್ಟು ದೂರ ಇಟ್ಟು, ನೆಲದ ಮೇಲೆ ಕುಳಿತು, ಒಂದು ಚೀಲದ ಬಾಯಿ ಅಗಲಿಸಿ, ಒಂದೊಂದೇ ಚಿಪ್ಪನ್ನು ಕೈಯಾರೆ ಒಳಗೆ ಇಳಿಸತೊಡಗಿದೆ.